ಕಾಫಿ ಕಣದ ಮೇಲೊಂದು ಕಲ್ಲು

ಧೂಮಕೇತು ಬಂದರೆ ಊರಿಗೆ ಊರೇ ಅಂಗಳಕ್ಕಿಳಿಯುತ್ತದೆ. ಗ್ರಹಣಕ್ಕಂತೂ ಪಂಚಾಂಗದಲ್ಲೇ ಜಾಗ. ಮಂಗಳ, ಗುರುಗಳ ನಡುವಿನ ಪಟ್ಟಿಯಲ್ಲಿ ತನ್ನ ಪಾಡಿಗೆ ಸುತ್ತುವ ಐದು ಕಿಲೋಮೀಟರಿನ ಕಲ್ಲುಗುಂಡಿಗಾಗಿ ಮಾತ್ರ ಯಾರೂ ಕತ್ತೆತ್ತುವುದಿಲ್ಲ. ಎತ್ತಿದರೂ ಕಾಣುವುದಿಲ್ಲ ಅನ್ನುವುದು ಬೇರೆ ಮಾತು. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ ರಸ್ತೆಯೇ 8 ಕಿ.ಮೀ.; ಈ ಕ್ಷುದ್ರಗ್ರಹ ಅದಕ್ಕಿಂತ ಗಿಡ್ಡ. ಪಟ್ಟಿಯ ಒಳ ಅಂಚಿನದಾದರೂ, ಹತ್ತಿರ ಬಂತು ಅನ್ನುವ ದಿನವೂ ಸುಮಾರು 18 ಕೋಟಿ ಕಿ.ಮೀ. ಆಚೆ ಇರುತ್ತದೆ.

ಕೊಡಗಿನಲ್ಲಿ ಇದನ್ನು ಹುಡುಕಲು ಡಿಸೆಂಬರ್, ಜನವರಿಯೇ ಸರಿ. ತೋಟದೊಳಗೆ ಸಿಲ್ವರ್ ಓಕ್ ಮರಗಳು ಆಕಾಶ ಬಿಟ್ಟುಕೊಡುವುದಿಲ್ಲ. ಕಾಫಿ ಒಣಗಿಸುವ ಕಣಕ್ಕೇ ಬರಬೇಕು. ನೆಲ ಸಮತಟ್ಟು, ಮುಕ್ಕಾಲಿ ಅಲುಗದು. ಆದರೆ ಹಗಲೆಲ್ಲ ಕಾದ ಸಿಮೆಂಟು ಸಂಜೆಯ ಮೇಲೆ ಬಿಸಿ ಉಗುಳುವುದರಿಂದ ಮೊದಮೊದಲು ನಕ್ಷತ್ರಗಳು ನಡುಗುತ್ತವೆ. ಅದು ತಣಿಯುವ ಹೊತ್ತಿಗೆ ಇಬ್ಬನಿ ಶುರು. ಲೆನ್ಸಿನ ಸುತ್ತ ಬಿಸಿಪಟ್ಟಿ ಕಟ್ಟದಿದ್ದರೆ ಚಿತ್ರಗಳು ಒಂದೊಂದಾಗಿ ಮಸುಕಾಗುತ್ತವೆ, ಮಂಜು ಬಂತೆಂದು ಆಕಾಶವನ್ನು ಬೈಯುತ್ತಾ ಕೂರಬೇಕಾಗುತ್ತದೆ. ಆನೆ ಓಡಾಡುವ ಕಡೆಯಾದರೆ ಕಣದ ಬದಲು ತಾರಸಿಯೇ ವಾಸಿ.

ಡಿಸೆಂಬರಿನಲ್ಲಿ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರು ಬದಿಗೆ ಬರುವ ಕಲ್ಲುಗಳು ವೃಷಭ ರಾಶಿಯ ಕಡೆ, ನಡುರಾತ್ರಿ ಹೆಚ್ಚುಕಡಿಮೆ ನೆತ್ತಿಯ ಮೇಲೆ ಇರುತ್ತವೆ. ಹುತ್ತರಿಯ ಕದಿರು ತೆಗೆಯುವ ರಾತ್ರಿ ಮಾತ್ರ ಬೇಡ. ಅವತ್ತು ತುಂಬು ಚಂದ್ರ ರೋಹಿಣಿಯ ಪಕ್ಕದಲ್ಲೇ ಕೂತಿರುತ್ತಾನೆ. 16ನೇ ಕಾಂತಿಮಾನದ (ಈ ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ) ಚುಕ್ಕೆ ಆ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಹಬ್ಬ ಉಂಡು ಹತ್ತು ದಿನ ಬಿಟ್ಟು ಬರುವುದು ಜಾಣತನ.

20 ಸೆಂ.ಮೀ. ದೂರದರ್ಶಕ, ನಕ್ಷತ್ರವನ್ನು ಹಿಂಬಾಲಿಸುವ ಮೋಟಾರು ಪೀಠ, ಒಂದು ಕ್ಯಾಮೆರಾ ಸಾಕು. 60 ಸೆಕೆಂಡಿನ ಒಂದು ಚಿತ್ರ, ಅರ್ಧ ಗಂಟೆ ಬಿಟ್ಟು ಇನ್ನೊಂದು, ಮತ್ತೆ ಅರ್ಧ ಗಂಟೆಗೆ ಮೂರನೆಯದು. ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ ಚಿತ್ರಗಳನ್ನು ಸರಸರ ತಿರುವಿದರೆ ಒಂದು ಚುಕ್ಕೆ ಮಾತ್ರ ಪಶ್ಚಿಮಕ್ಕೆ ಜಿಗಿಯುತ್ತದೆ. ಗಂಟೆಗೆ ಸುಮಾರು 35 ಆರ್ಕ್‌ಸೆಕೆಂಡು (ಒಂದು ಡಿಗ್ರಿಯ 3600ರಲ್ಲೊಂದು ಪಾಲು ಒಂದು ಆರ್ಕ್‌ಸೆಕೆಂಡು). ಚಂದ್ರಬಿಂಬದಷ್ಟು ಅಗಲ ದಾಟಲು ಎರಡು ದಿನ ಬೇಕು. ಮೋಸ ಮಾಡುವುದು ಕ್ಯಾಮೆರಾದ ಕೆಟ್ಟ ಪಿಕ್ಸೆಲ್. ಪೀಠ ಚೂರು ಜಾರಿದ್ದರೆ, ನಕ್ಷತ್ರಗಳನ್ನು ಕೂರಿಸಿದಾಗ ಅದೂ ಸಾಲಾಗಿ ನಡೆಯುತ್ತದೆ, ಥೇಟ್ ಕ್ಷುದ್ರಗ್ರಹದ ಠೀವಿಯಲ್ಲಿ! ಹಿಗ್ಗಿಸಿ ನೋಡಬೇಕು: ಒಂದೇ ಚೌಕದಲ್ಲಿ ಚೂಪಾಗಿ ನಿಂತಿದ್ದರೆ ಪಿಕ್ಸೆಲ್, ಅಕ್ಕಪಕ್ಕದ ನಾಲ್ಕಾರು ಚೌಕಗಳಿಗೆ ಮೆತ್ತಗೆ ಹರಡಿದ್ದರೆ ಕಲ್ಲು. ಮದ್ರಾಸಿನಲ್ಲಿ 1861ರಲ್ಲಿ ಖಗೋಳಜ್ಞ ನಾರ್ಮನ್ ಪಾಗ್ಸನ್ ಹಿಡಿದ ‘ಏಷ್ಯಾ’ ಕ್ಷುದ್ರಗ್ರಹವೂ ಇಂಗಾಲದ್ದಲ್ಲ, ಕಲ್ಲಿನ ಜಾತಿಯದೇ. ಆತನಿಗೆ ಪಿಕ್ಸೆಲ್ ಕಾಟ ಇರಲಿಲ್ಲ. ಕಣ್ಣು, ದೂರದರ್ಶಕ, ನಕ್ಷೆ ಇಷ್ಟೇ.

ಕಲ್ಲೆಂದು ಗೊತ್ತಾಗುವುದು ಬೆಳಕಿನಿಂದ. ಆಲಿವೀನ್, ಪೈರಾಕ್ಸೀನ್ ಖನಿಜಗಳು 1 ಮೈಕ್ರಾನ್ ತರಂಗಾಂತರದ ಆಸುಪಾಸಿನ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ನುಂಗುತ್ತವೆ; ಬೆಳಕನ್ನು ಬಿಡಿಸಿಟ್ಟ ಪಟ್ಟಿಯಲ್ಲಿ, ಅಂದರೆ ರೋಹಿತದಲ್ಲಿ, ಅಲ್ಲೊಂದು ತಗ್ಗು. ಅಳತೆಗೂ ಜಾತಿಯೇ ಮುಖ್ಯ. ಬಿದ್ದ ಬೆಳಕಿನ ಶೇ. 20ರಷ್ಟನ್ನು ಮರಳಿಸುವ ಕಲ್ಲು 5 ಕಿ.ಮೀ. ಇದ್ದರೆ, ಅಷ್ಟೇ ಹೊಳೆಯುವ, ಶೇ. 5 ಮರಳಿಸುವ ಇಂಗಾಲದ ಕರಿಗುಂಡು 10 ಕಿ.ಮೀ. ಇರಬೇಕು. ಜಪಾನಿನ ಹಯಬುಸಾ ನೌಕೆ ಭೂಮಿಯ ಹತ್ತಿರದ ಇಟೊಕಾವಾ ಕ್ಷುದ್ರಗ್ರಹದಿಂದ 2010ರಲ್ಲಿ ಧೂಳು ತಂದ ಮೇಲೆ, ನಮ್ಮಲ್ಲಿ ಬೀಳುವ ಸಾಮಾನ್ಯ ಉಲ್ಕಾಶಿಲೆಗಳೂ ಇದೇ ಜಾತಿಯವೆಂದು ಖಾತ್ರಿಯಾಯಿತು. ಮುಖ್ಯ ಪಟ್ಟಿಯ ಕಲ್ಲಿನ ಮುಖವನ್ನು ಮೊದಲು ಹತ್ತಿರದಿಂದ ತೋರಿಸಿದ್ದು 1991ರಲ್ಲಿ ಗೆಲಿಲಿಯೊ ನೌಕೆ: 18 ಕಿ.ಮೀ. ಉದ್ದದ, ಸೊಟ್ಟ ಗ್ಯಾಸ್ಪ್ರಾ.

ಆ ಸೊಟ್ಟತನವೇ ಕಣದಲ್ಲಿ ಕೂತವರಿಗೂ ಕೆಲಸಕ್ಕೆ ಬರುವುದು. ಉದ್ದನೆಯ ಕಲ್ಲು ತಿರುಗುವಾಗ ಅಗಲದ ಬದಿ ಎರಡು ಸಲ ನಮ್ಮತ್ತ ಬರುತ್ತದೆ; ಹೊಳಪು ಎರಡು ಸಲ ಏರಿಳಿಯುತ್ತದೆ. ಒಂದೇ ಏರಿಳಿತಕ್ಕೆ ಒಂದು ಸುತ್ತೆಂದು ಲೆಕ್ಕ ಹಾಕಿದವರು 7 ಗಂಟೆಯನ್ನು ಮೂರೂವರೆ ಎಂದು ಬರೆದಿಡುತ್ತಾರೆ. ಎರಡು ಶಿಖರಗಳ ಎತ್ತರ ಸಾಮಾನ್ಯವಾಗಿ ಚೂರು ಬೇರೆ ಇರುತ್ತದೆ, ಅದನ್ನು ಹಿಡಿಯಲು ರಾತ್ರಿಯಿಡೀ ಬೇಕು.

ರಾತ್ರಿ ಕೈಕೊಟ್ಟರೆ ಕಾಯುವುದೇ ಕಷ್ಟ. ಇಂಥ ಕಲ್ಲು ಸೂರ್ಯನ ಎದುರಿಗೆ ಮತ್ತೆ ಬರಲು ಸುಮಾರು 17 ತಿಂಗಳು. ಡಿಸೆಂಬರ್ ತಪ್ಪಿದರೆ ಮುಂದಿನ ಸರದಿ ಮೇ, ಅದರಾಚೆಯದು ಅಕ್ಟೋಬರ್. ಮೇ ಪೂರ್ತಿ ಗುಡುಗು. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಟವರೇ ಕೊಡೆ ಬಿಟ್ಟು ಹೋಗುವುದಿಲ್ಲ.