ಫೋಟೊ ಬಂದಿಲ್ಲ, ಆದ್ದರಿಂದ ಕೆಲಸ ಆಗಿಲ್ಲ

ಯಾದಗಿರಿ ಜಿಲ್ಲೆಯ ಮಲ್ಹಾರದ ಸೀರೆ ಪ್ರಕರಣ ನೀವೆಲ್ಲ ಓದಿದ್ದೀರಿ, ನಕ್ಕಿದ್ದೀರಿ. ಉದ್ಯೋಗ ಖಾತ್ರಿ ಹಾಜರಾತಿಗೆ ಹೆಂಗಸರ ಫೋಟೊ ಬೇಕಿತ್ತು. ಗಂಡಸರೇ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ನಿಂತರು. ಕ್ಲಿಕ್. ಅಪ್‌ಲೋಡ್. ಮುಗಿಯಿತು. ಸೆರಗಿನೊಳಗೆ ಯಾರಿದ್ದಾರೆ ಅನ್ನುವ ಕಾಲಂ ಆ್ಯಪ್‌ನಲ್ಲಿ ಇರಲಿಲ್ಲ.

ನನಗಂತೂ ಅವರ ಮೇಲೆ ಗೌರವವೇ ಜಾಸ್ತಿಯಾಯಿತು. ಡಿಜಿಟಲ್ ಆಡಳಿತ ಅಂದರೆ ಏನು ಅಂತ ವಿಚಾರ ಸಂಕಿರಣ ನಡೆಸುವವರಿಗೆ ಅರ್ಥವಾಗದ್ದು ಅವರಿಗೆ ಅರ್ಥವಾಗಿದೆ. ಮೇಲಿನವರು ಕೇಳುತ್ತಿರುವುದು ಕೆಲಸವನ್ನಲ್ಲ, ಫೋಟೊವನ್ನು. ಕೇಳಿದ್ದನ್ನು ಕೊಟ್ಟರು. ತಪ್ಪೇನು?

ಆ ಆ್ಯಪ್‌ನ ಹೆಸರು ಎನ್‌ಎಂಎಂಎಸ್. 2023ರ ಜನವರಿ 1ರಿಂದ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಕಾರರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಬೇಕು. ತೆಗೆಯುವವರು ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪಿನ ಮುಂದಾಳು. ಗುದ್ದಲಿ ಬೀಳುವ ಜಾಗದಲ್ಲಿ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇರುವ ಜಾಗದಲ್ಲಿ ಗುದ್ದಲಿಗೆ ಕೆಲಸ ಇಲ್ಲ. ಫೋಟೊ ಏರಲಿಲ್ಲ ಅಂದರೆ ಬೆವರು ಸುರಿಸಿದವನು ಬಂದೇ ಇಲ್ಲ ಅಂತ ಲೆಕ್ಕ.

2025ರ ಜುಲೈನಲ್ಲಿ ದೆಹಲಿಯ ಗ್ರಾಮೀಣಾಭಿವೃದ್ಧಿ ಸಚಿವಾಲಯಕ್ಕೆ ಜ್ಞಾನೋದಯವಾಗಿ ಒಂದು ಸುತ್ತೋಲೆ ಹೊರಟಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊಗಳು ಬರುತ್ತಿವೆಯಂತೆ. ಫೋಟೊದ ಫೋಟೊ ತೆಗೆದು ಕಳಿಸುತ್ತಿದ್ದಾರಂತೆ. ಅದೇ ಕೂಲಿಕಾರರು ಹಲವು ಎನ್‌ಎಂಆರ್‌ಗಳಲ್ಲಿ, ಅಂದರೆ ಹಾಜರಿ ಪಟ್ಟಿಗಳಲ್ಲಿ, ನಿಂತಿದ್ದಾರಂತೆ. ಚಿತ್ರದಲ್ಲಿರುವ ಹೆಂಗಸರ ಲೆಕ್ಕಕ್ಕೂ ಹಾಳೆಯಲ್ಲಿರುವ ಲೆಕ್ಕಕ್ಕೂ ತಾಳೆ ಇಲ್ಲವಂತೆ. ಇದಕ್ಕೆ ಪರಿಹಾರ? ಪಂಚಾಯಿತಿಯವರು ಪ್ರತಿಯೊಂದು ಫೋಟೊವನ್ನೂ ಕೂತು ನೋಡಬೇಕು. ತಾಲ್ಲೂಕು, ಜಿಲ್ಲೆ, ರಾಜ್ಯದವರು ಅದರಲ್ಲಿ ಅಷ್ಟಿಷ್ಟು ಮತ್ತೆ ನೋಡಬೇಕು. ಅಷ್ಟು ಹೊತ್ತು ಪರದೆ ನೋಡುವ ಬದಲು ಒಂದು ಸಲ ಹಳ್ಳದ ಹತ್ತಿರ ಹೋಗಿಬರಬಹುದಿತ್ತಲ್ಲ ಅಂತ ಕೇಳಬೇಡಿ. ಅದು ಹಳೇ ಕಾಲದ ಯೋಚನೆ.

ಈಗಿನ ಕಾಲದ ಯೋಚನೆ ಬೇಕಾದರೆ ವಾಟ್ಸ್‌ಆ್ಯಪ್ ಗ್ರೂಪಿಗೆ ಬನ್ನಿ. ಸರ್ಕಾರಿ ಕಚೇರಿಯ ನಿಜವಾದ ವಿಳಾಸ ಈಗ ಅದೇ. ಮೊದಲು ಒಂದು ಗ್ರೂಪಿಗೆ 256 ಜನ ಅಷ್ಟೇ ಹಿಡಿಯುತ್ತಿದ್ದರು. 2022ರಲ್ಲಿ ಅದು 512 ಆಯಿತು, ಅದೇ ವರ್ಷ 1024 ಆಯಿತು. ಎಷ್ಟೋ ಆಡಳಿತ ಸುಧಾರಣಾ ಆಯೋಗಗಳು ಮಾಡಲಾಗದ್ದನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತ ಯಾರೋ ಇಂಜಿನಿಯರು ಮಾಡಿಬಿಟ್ಟ. ಒಬ್ಬ ಸಾಹೇಬರು ಒಂದೇ ಏಟಿಗೆ ಸಾವಿರ ಜನರ ನಿದ್ದೆ ಕೆಡಿಸಬಹುದು.

ರಾತ್ರಿ ಒಂಬತ್ತೂವರೆಗೆ ಎಕ್ಸೆಲ್ ಶೀಟ್ ಬಂದು ಬೀಳುತ್ತದೆ. ‘ಅತಿ ಜರೂರು. ಇಂದೇ ಸಲ್ಲಿಸುವುದು. ಮಾಹಿತಿ ಇಲ್ಲದಿದ್ದಲ್ಲಿ ಶೂನ್ಯ ವರದಿ ಕಳುಹಿಸುವುದು.’ ಈ ಶೂನ್ಯ ವರದಿ ನನಗೆ ಬಹಳ ಇಷ್ಟ. ಏನೂ ಇಲ್ಲ ಅನ್ನುವುದನ್ನು ಸಹಿ ಮಾಡಿ, ಸೀಲು ಹೊಡೆದು, ಸ್ಕ್ಯಾನ್ ಮಾಡಿ, ಪಿಡಿಎಫ್ ಮಾಡಿ ತಿಳಿಸಬೇಕು. ಶೀಟಿನ ಕೆಳಗೆ ‘ಓಕೆ ಸರ್’, ‘ನೋಟೆಡ್ ಸರ್’, ಕೈಮುಗಿದ ಚಿತ್ರ, ಹೆಬ್ಬೆರಳು, ಹೆಬ್ಬೆರಳು, ಹೆಬ್ಬೆರಳು. ಅಷ್ಟರಲ್ಲಿ ಯಾರೋ ಒಬ್ಬರಿಗೆ ಸಾಹೇಬರ ಹುಟ್ಟುಹಬ್ಬ ನೆನಪಾಗುತ್ತದೆ. ಕಥೆ ಮುಗಿಯಿತು. ಕೇಕು, ಹೂಗುಚ್ಛ, ಅವರ ಮನೆದೇವರ ಫೋಟೊ. ‘ನೂರ್ಕಾಲ ಬಾಳಿ ಸರ್’ ಅಂತ ಎಲ್ಲರೂ ಹಾಕಬೇಕು, ಯಾಕಂದರೆ ಹಾಕದವರು ಯಾರು ಅಂತಲೂ ಅಲ್ಲೇ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದು ಶೀಟು ಹುಡುಕಿದರೆ ಕೇಕುಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿರುತ್ತದೆ.

‘ಸರ್, ಇನ್ನೊಂದ್ಸಲ ಹಾಕಿ’ ಅಂತ ಅಲ್ಲಿ ಕೇಳುವ ಧೈರ್ಯ ಯಾರಿಗಿದೆ? ಅದಕ್ಕೆ ಇನ್ನೊಂದು ಗ್ರೂಪ್ ಇರುತ್ತದೆ. ಅದರಲ್ಲಿ ಎಲ್ಲರೂ ಇದ್ದಾರೆ, ಸಾಹೇಬರು ಇಲ್ಲ. ಯಾವ ಕಾಲಂಗೆ ಏನು ತುಂಬಬೇಕು, ಸರ್ವರ್ ಎಷ್ಟು ಗಂಟೆಗೆ ಏಳುತ್ತದೆ, ಸಾಹೇಬರು ಇವತ್ತು ಯಾವ ಮೂಡಿನಲ್ಲಿದ್ದಾರೆ, ಎಲ್ಲ ತಿಳಿಯುವುದು ಅಲ್ಲೇ. ಇಲಾಖೆ ನಡೆಯುತ್ತಿರುವುದೂ ಅಲ್ಲೇ. ಆ ಗ್ರೂಪಿಗೆ ಯಾವ ಸುತ್ತೋಲೆಯೂ ಇಲ್ಲ.

ಖಾಸಗಿ ಕಂಪನಿಯವರು ನಗಬೇಡಿ. ನಿಮ್ಮಲ್ಲಿ ಯ್ಯಾಮರ್ ಅಂತ ಒಂದಿತ್ತು, ಕಚೇರಿಯೊಳಗಿನ ಫೇಸ್‌ಬುಕ್ ಇದ್ದಹಾಗೆ. ಮೈಕ್ರೋಸಾಫ್ಟ್ 2012ರಲ್ಲಿ 120 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು, ಆಮೇಲೆ ಹೆಸರು ಬದಲಿಸಿತು. ಅದರಲ್ಲಿ ಎಚ್‌ಆರ್‌ನವರು ಬರೆಯುತ್ತಾರೆ, ಎಚ್‌ಆರ್‌ನವರೇ ಲೈಕ್ ಮಾಡುತ್ತಾರೆ. ಪಕ್ಕದ ಸೀಟಿನವನು ಕೆಲಸ ಬಿಟ್ಟ ಸುದ್ದಿ ನಿಮಗೆ ತಿಳಿಯುವುದು ಲಿಂಕ್ಡ್‌ಇನ್‌ನಲ್ಲಿ, ಅಲ್ವಾ?

ಅಂದಹಾಗೆ, ಕೂ ನೆನಪಿದೆಯಾ? 2020ರಲ್ಲಿ ನಮ್ಮ ಬೆಂಗಳೂರಿನಲ್ಲೇ, ಮೊದಲು ಕನ್ನಡದಲ್ಲೇ ಶುರುವಾದ, ಟ್ವಿಟರ್‌ನಂಥದ್ದೇ ಆ್ಯಪ್, ಹಳದಿ ಹಕ್ಕಿ. 2021ರ ಫೆಬ್ರವರಿಯಲ್ಲಿ ಕೇಂದ್ರಕ್ಕೂ ಟ್ವಿಟರ್‌ಗೂ ಜಗಳ ಬಂತು. ಸಿಟ್ಟಿಗೆದ್ದ ಮಂತ್ರಿಗಳು, ಇಲಾಖೆಗಳು ಸಾಲಾಗಿ ಬಂದು ಆ ಪುಟ್ಟ ಹಕ್ಕಿಯ ಬೆನ್ನೇರಿ ಕೂತರು. ನಾವು ಕೂ ಸೇರಿದ್ದೇವೆ ಅನ್ನುವ ಪ್ರಕಟಣೆ ಎಲ್ಲಿ ಬಂತು? ಟ್ವಿಟರ್‌ನಲ್ಲಿ. 2024ರ ಜುಲೈನಲ್ಲಿ ಹಕ್ಕಿ ಸತ್ತಿತು. ಅದು ಒಳ್ಳೆಯ ಪ್ರಯತ್ನ, ಕನ್ನಡದಲ್ಲಿ ಬರೆಯುವವರಿಗೆ ಜಾಗ ಕೊಟ್ಟಿತು. ಅದಕ್ಕೆ ಬೇಕಿದ್ದದ್ದು ಮಾತಾಡುವ ಜನ. ಸಿಕ್ಕಿದ್ದು ಪತ್ರಿಕಾ ಪ್ರಕಟಣೆ. 2025ರ ಸೆಪ್ಟೆಂಬರ್‌ನಲ್ಲಿ ಸ್ವದೇಶಿ ಗಾಳಿ ಮತ್ತೆ ಬೀಸಿ ಎಲ್ಲರೂ ಜೋಹೊ ಕಂಪನಿಯ ಅರಟ್ಟೈ ಅನ್ನುವ ಚಾಟ್ ಆ್ಯಪ್ ಇಳಿಸಿಕೊಂಡರು. ‘ಅರಟ್ಟೈಗೆ ಬನ್ನಿ’ ಅಂತ ನನಗೆ ಬಂದ ಕರೆಗಳೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಬಂದವು.

ಇಷ್ಟೆಲ್ಲ ಕನೆಕ್ಟ್ ಆದ ಮೇಲೆ ಜನರಿಗೇನು ಸಿಕ್ಕಿತು ಅಂತೀರಾ? ಉತ್ತರ ಸಿಕ್ಕಿತು. ಬೇಗ ಸಿಕ್ಕಿತು. ರಸ್ತೆ ಗುಂಡಿಯ ಫೋಟೊ ಹಾಕಿದರೆ ‘ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ’ ಅಂತ ಬಂದೇಬಿಡುತ್ತದೆ. ಬೆಂಗಳೂರಿನವರ ಅದೃಷ್ಟ ಇನ್ನೂ ದೊಡ್ಡದು. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆ ಇದ್ದಲ್ಲಿ ಐದು ಪಾಲಿಕೆ, ಮೇಲೊಂದು ಪ್ರಾಧಿಕಾರ. ಟ್ಯಾಗ್ ಮಾಡಲು ಈಗ ಬರ ಇಲ್ಲ.

ಸಾಕು. ತಮಾಷೆ ಮಾಡಿ ಮಾಡಿ ಬೇಜಾರು ಬಂತು.

2024ರ ಸೆಪ್ಟೆಂಬರ್ ಕೊನೆಗೆ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು, ನಮ್ಮ ಹಳೇ ಶಾನುಭೋಗರ ಕುರ್ಚಿಯಲ್ಲಿ ಕೂತವರು, ಆ್ಯಪ್ ಕೆಲಸ ನಿಲ್ಲಿಸಿ ಮುಷ್ಕರಕ್ಕೆ ಕೂತರು. ಕುರ್ಚಿ ಅಂದೆ ನೋಡಿ, ಅವರ ಬೇಡಿಕೆಯಲ್ಲಿ ಅದೂ ಇತ್ತು. ಟೇಬಲ್, ಕುರ್ಚಿ, ಅಲ್ಮೆರಾ, ಸರಿಯಾದ ಮೊಬೈಲ್, ಸಿಮ್, ಡೇಟಾ. ಸಂಯೋಜನೆ, ಇ-ಆಫೀಸ್, ಆಧಾರ್ ಸೀಡಿಂಗ್, ಲ್ಯಾಂಡ್ ಬೀಟ್, ಬಗರ್ ಹುಕುಂ ಅಂತ ಆ್ಯಪ್ ಮೇಲೆ ಆ್ಯಪ್ ಹೇರಿದ ರಾಜ್ಯಕ್ಕೆ ಕೂರಲು ಒಂದು ಕುರ್ಚಿ ಕೊಡಬೇಕು ಅಂತ ಹೊಳೆಯಲಿಲ್ಲ. ತಿಂಗಳುಗಟ್ಟಲೆ ಕಾದು, 2025ರ ಫೆಬ್ರವರಿಯಲ್ಲಿ ಅವರು ಮತ್ತೆ ಮುಷ್ಕರಕ್ಕೆ ಕೂರಬೇಕಾಯಿತು.

ಅಂಗನವಾಡಿಗೆ ಹೋಗಿ ನೋಡಿ. ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್ 2021ರಲ್ಲಿ ಬಂತು. 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೂ ಮುಖ ತೋರಿಸಬೇಕು. ಕೂಲಿ ಬಿಟ್ಟು ಬಂದ ತಾಯಿ ಕಂಕುಳಲ್ಲಿ ಮಗು ಇಟ್ಟುಕೊಂಡು ಫೋನಿನ ಮುಂದೆ ನಿಲ್ಲುತ್ತಾಳೆ. ಕಣ್ಣು ಮಿಟುಕಿಸು ಅನ್ನುತ್ತದೆ ಫೋನು. ಮಿಟುಕಿಸುತ್ತಾಳೆ. ಬೆಳಕಿಲ್ಲ ಅಂತ ಟೀಚರು ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತಾರೆ. ಮುಖ ಹೊಂದಿಕೆಯಾಗುತ್ತಿಲ್ಲ. ಮತ್ತೆ. ಒಳಗೆ ಇಪ್ಪತ್ತು ಮಕ್ಕಳು ತಮ್ಮ ಪಾಡಿಗೆ ತಾವು ಗಲಾಟೆ ಮಾಡುತ್ತಿರುತ್ತವೆ. ಟೀಚರಿಗೆ ಆ ಹೆಂಗಸು ಗೊತ್ತು. ಅವಳ ಹೆರಿಗೆ ದಿನವೂ ಗೊತ್ತು, ಮಗುವಿನ ತೂಕವೂ ಗೊತ್ತು, ಗಂಡ ಎಲ್ಲಿಗೆ ಗುಳೆ ಹೋಗಿದ್ದಾನೆ ಅಂತಲೂ ಗೊತ್ತು. ಅವರಿಬ್ಬರ ನಡುವೆ ಇರುವುದಕ್ಕಿಂತ ಗಟ್ಟಿ ಸಂಪರ್ಕ ಯಾವ ಸರ್ವರ್ ಕೊಡುತ್ತದೆ? ಅದನ್ನು ನಂಬಲು ನಿಮಗೆ ಮನಸ್ಸಿಲ್ಲ, ಅಷ್ಟೇ. ಕಳ್ಳರು ಸೀರೆ ಉಟ್ಟು ಫೋಟೊದಲ್ಲಿ ದಾಟಿಹೋಗುತ್ತಾರೆ. ತಡೆದು ನಿಲ್ಲಿಸಿಕೊಳ್ಳುವುದು ಇವಳನ್ನು.

ಆ ಪೊಟ್ಟಣ ಅವಳ ಕೈಗೆ ಕೊಟ್ಟು ಕಳಿಸಿ, ಪುಣ್ಯಾತ್ಮರೇ. ಫೋಟೊ ಆಮೇಲೆ ನೋಡಿಕೊಳ್ಳೋಣ.