ಹುಷಾರಿಲ್ಲದ ಹಕ್ಕಿಗೆ ಹಾಲು-ಬ್ರೆಡ್ಡು ಬೇಡ: ಒಂದು ಸ್ಪಷ್ಟನೆ

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಲವ್‌ಬರ್ಡ್ಸ್ ಹುಷಾರು ತಪ್ಪಿದರೆ ಹಾಲಲ್ಲಿ ಅದ್ದಿದ ಬ್ರೆಡ್ ತಿನ್ನಿಸಿ, ಕೊಕ್ಕಿಗೆ ನೀರು ಹನಿಸಿ, ಪಂಜರ ಬಿಸಿಲಿಗಿಡಿ ಅಂತ. ನಂಬಬೇಡಿ.

ಹಾಲಿನ ಸಕ್ಕರೆ ಹಕ್ಕಿಗೆ ಅರಗುವುದಿಲ್ಲ. ಮೊದಲೇ ಸುಸ್ತಾಗಿರುತ್ತದೆ, ಮೇಲೆ ಭೇದಿ ಬೇರೆ. ನೀರು ಹನಿಸುವುದು ಇನ್ನೂ ಅಪಾಯ. ಉಸಿರಿನ ಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ಇದೆ; ನೀರು ಸೀದಾ ಅದರೊಳಗೆ ಇಳಿಯಬಹುದು.

ಬಿಸಿಲಿನ ಮಾತಲ್ಲಿ ಮಾತ್ರ ಅರ್ಧ ನಿಜ ಇದೆ. ಪುಕ್ಕ ಉಬ್ಬಿಸಿ ಮುದುಡಿ ಕೂತ ಹಕ್ಕಿಗೆ 30 ಡಿಗ್ರಿ ಆಸುಪಾಸಿನ ಬೆಚ್ಚಗಿನ ಜಾಗ ಬೇಕು. ಆದರೆ ನಮ್ಮ ಮೇ ತಿಂಗಳು 40 ದಾಟುತ್ತದೆ, ಅಲ್ವಾ? ಹಕ್ಕಿ ಬೆವರುವುದೂ ಇಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆ ಅಗಲಿಸಿ ನಿಂತರೆ ಅದಕ್ಕೆ ಸೆಕೆ ಜಾಸ್ತಿಯಾಗಿದೆ ಅಂತಲೇ ಅರ್ಥ. ತಕ್ಷಣ ನೆರಳಿಗೆ ತನ್ನಿ.

ನಾವು ಲವ್‌ಬರ್ಡ್ಸ್ ಅನ್ನುವುದು ಬಹುಪಾಲು ಬಜರಿಗಾರ್ ಎಂಬ ಪುಟ್ಟ ಗಿಳಿ. ತೂಕ 30ರಿಂದ 40 ಗ್ರಾಂ ಅಷ್ಟೇ. ಮೂರ್ನಾಲ್ಕು ಗ್ರಾಂ ಇಳಿದರೂ ಮೈಯ ಹತ್ತನೇ ಒಂದು ಪಾಲು ಹೋದ ಹಾಗೆ. ಪುಕ್ಕದಡಿ ಅದು ಕಣ್ಣಿಗೆ ಕಾಣಲ್ಲ. ಅದಕ್ಕೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಗ್ಗೆ ತೂಗಿ ಬರೆದಿಡಿ. ನವಣೆ, ನೀರು ಕೆಳಗೇ ಇಡಿ. ಕೂರುವ ಕಡ್ಡಿಯನ್ನೂ ತಗ್ಗಿಸಿ.

ತಿನ್ನುವುದು ಬಿಟ್ಟರೆ ಸುಮ್ನೆ ಕಾಯಬೇಡಿ, ಅದೇ ದಿನ ಪಶುವೈದ್ಯರಿಗೆ ತೋರಿಸಿ. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಹತ್ತಿರವೇ ಇದೆ.