ಕ್ರಾಸ್ ಹಾಕಿದ್ರೆ ಓಟು, ಬಿಂದಿಗೆ ಹೊತ್ರೆ ಮಂತ್ರಿ

ಹೋದ ಸೆಪ್ಟೆಂಬರಿನಲ್ಲಿ ನನ್ನ ಎಂಟು ವರ್ಷದ ಮಗಳು ಚುನಾವಣೆಗೆ ನಿಂತು ಸೋತಳು. ಇಲ್ಲಿ ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ, ಅವಳ ಪ್ರೈಮರಿ ಶಾಲೆಯ ಸ್ಕೂಲ್ ಕೌನ್ಸಿಲ್‌ಗೆ. ಒಂದು ಕ್ಲಾಸಿಗೆ ಎರಡು ಸೀಟು, ನಿಂತವರು ಒಂಬತ್ತು ಜನ. ಎಲ್ಲರೂ ಒಂದೊಂದು ನಿಮಿಷ ಮಾತಾಡಬೇಕು. ಆಮೇಲೆ ಚೀಟಿ, ರಟ್ಟಿನ ಡಬ್ಬ. ಇವಳು 'ಊಟದ ಬಿಡುವು ಜಾಸ್ತಿ ಮಾಡಿಸ್ತೀನಿ' ಅಂತ ಬರೆದುಕೊಂಡಿದ್ದಳಂತೆ. ಟೀಚರ್ "ಅದು ನಿನ್ನ ಕೈಲಾಗುತ್ತಾ?" ಎಂದು ಕೇಳಿದ ಮೇಲೆ ಅದನ್ನು ಹೊಡೆದುಹಾಕಿ, ಇನ್ನೆರಡು ಸ್ಕಿಪ್ಪಿಂಗ್ ಹಗ್ಗ ತರಿಸ್ತೀನಿ ಅಂತ ಬರೆದಳು. ಬಿದ್ದದ್ದು ನಾಲ್ಕು ಓಟು. (ಆ ಟೀಚರನ್ನು ನಮ್ಮ ಕಡೆ ಪ್ರಣಾಳಿಕೆ ಬರೆಯುವವರ ಪಕ್ಕ ಕೂರಿಸಬೇಕು.)

ಅವತ್ತೇ ಅರಸೀಕೆರೆಗೆ ವಿಡಿಯೋ ಕಾಲ್. ತನ್ನ ಹೆಸರಿನ ಮುಂದೆ ಕ್ರಾಸ್ ಹಾಕಿ ಅಭ್ಯಾಸ ಮಾಡಿದ್ದ ಚೀಟಿಯನ್ನು ಮಗಳು ಅಜ್ಜಿಗೆ ತೋರಿಸಿದಳು. ಬ್ರಿಟನ್ನಿನಲ್ಲಿ ಓಟು ಹಾಕುವುದೇ ಹಾಗೆ, ಬೇಕಾದವರ ಹೆಸರಿಗೆ ಪೆನ್ಸಿಲಿನಲ್ಲಿ ಕ್ರಾಸ್. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಅಯ್ಯೋ, ತಪ್ಪು ಅಂತ ಹಾಕಿದಾರಲ್ಲೇ ಕಂದಾ" ಎಂದಳು.

ಇಲ್ಲಿ ಇದು ಸುಮ್ನೆ ಆಟವಲ್ಲ. 2014ರಿಂದ ಇಂಗ್ಲೆಂಡಿನ ಶಾಲೆಗಳು 'ಬ್ರಿಟಿಷ್ ಮೌಲ್ಯ'ಗಳನ್ನು ಕಲಿಸಲೇಬೇಕು: ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ವ್ಯಕ್ತಿ ಸ್ವಾತಂತ್ರ್ಯ, ಪರಸ್ಪರ ಗೌರವ, ಬೇರೆ ನಂಬಿಕೆಯವರ ಜೊತೆ ಸಹನೆ. ತಪಾಸಣೆಗೆ ಬರುವ ಆಫ್‌ಸ್ಟೆಡ್‌ನವರು ಇದನ್ನೂ ನೋಡುತ್ತಾರೆ. ಈ ಪಟ್ಟಿಯನ್ನು ಮೇಷ್ಟ್ರುಗಳು ಮಾಡಿದ್ದಲ್ಲ. ಉಗ್ರವಾದ ತಡೆಯಲು ಸರ್ಕಾರ 2011ರಲ್ಲಿ ತಿದ್ದಿ ತಂದ 'ಪ್ರಿವೆಂಟ್' ನೀತಿಯಲ್ಲಿ ಇದ್ದದ್ದು, ಬರ್ಮಿಂಗ್‌ಹ್ಯಾಮ್‌ನ ಕೆಲವು ಶಾಲೆಗಳು ಇಸ್ಲಾಮಿ ಉಗ್ರವಾದಿಗಳ ಕೈಗೆ ಹೋಗುತ್ತಿವೆ ಎಂಬ ಆರೋಪದಿಂದ ಗಲಾಟೆಯಾದ ಮೇಲೆ ಎಲ್ಲ ಶಾಲೆಗೂ ಬಂತು. ಹಾಗಾಗಿ ಅದರಲ್ಲಿ ಒಂಚೂರು ಅನುಮಾನದ ವಾಸನೆ ನನಗಂತೂ ಹೊಡೆಯುತ್ತದೆ. ಮಗಳ ಶಾಲೆಯ ಗೋಡೆಯಲ್ಲಿ ಆ ಐದೂ ಮಾತು ಯೂನಿಯನ್ ಜಾಕ್ ಮೇಲೆ ಬರೆದು ಅಂಟಿಸಿದ್ದಾರೆ. ಅದನ್ನು ಓದಿ ಇವಳು ಕೇಳಿದ್ದು, "ಅಜ್ಜಿ ಊರಲ್ಲಿ ಡೆಮಾಕ್ರಸಿ ಇಲ್ವಾ ಅಪ್ಪಾ?"

ನನಗೆ ರೇಗಿತು. ಬ್ರಿಟನ್ನಿನ ಹೆಂಗಸರಿಗೆ ಗಂಡಸರ ಸಮಾನ ಓಟು ಸಿಕ್ಕಿದ್ದೇ 1928ರಲ್ಲಿ. ನಮ್ಮನ್ನು ಆಳುವಾಗ ಆಸ್ತಿ, ತೆರಿಗೆ, ಓದು ನೋಡಿ ಓಟು ಕೊಟ್ಟವರು ಇವರು. ನಾವೋ 1951-52ರ ಮೊದಲ ಚುನಾವಣೆಯಲ್ಲೇ ಗಂಡು ಹೆಣ್ಣು ಎನ್ನದೆ ವಯಸ್ಸಿಗೆ ಬಂದವರಿಗೆಲ್ಲ ಕೊಟ್ಟೆವು. ಥೇಮ್ಸ್ ದಡದ ಬಸವಣ್ಣನ ಪ್ರತಿಮೆಗೂ ಕರಕೊಂಡು ಹೋಗಿ, ಅನುಭವ ಮಂಟಪದ ಕತೆ ಹೇಳಿ, ಫೋಟೋ ತೆಗೆದೆ. ಲಂಡನ್ನಿಗೆ ಬರುವ ಕನ್ನಡಿಗರೆಲ್ಲ ಮಾಡುವುದೇ ಇದು. ಮಗಳು ಐಸ್‌ಕ್ರೀಂ ಕೇಳಿದಳು.

ಜಂಬ ಇಳಿದ ಮೇಲೆ ನನ್ನ ಶಾಲೆ ನೆನಪಾಯಿತು. ನಮ್ಮಲ್ಲೂ ಶಾಲಾ ಸಂಸತ್ತು ಇತ್ತು. ಮುಖ್ಯಮಂತ್ರಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ, ಎಲ್ಲ ಇದ್ದರು. ನಾನು ನೀರಿನ ಮಂತ್ರಿ. ಚುನಾವಣೆ ಅಂದರೆ ಹೆಡ್‌ಮೇಷ್ಟ್ರು ಹೆಸರು ಕೂಗುವುದು, ನಾವು ಕೈ ಎತ್ತುವುದು. ಅವರ ಕೈಯಲ್ಲಿ ಬೆತ್ತ ಇರುವಾಗ ಯಾರು ಎತ್ತದೆ ಇರ್ತಾರೆ? ಆದರೆ ಕೆಲಸ ಮಾತ್ರ ನಿಜ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಬೋರ್‌ವೆಲ್ ಒತ್ತಿ ನಾಲ್ಕು ಬಿಂದಿಗೆ ತುಂಬಬೇಕು. ಎರಡು ಕುಡಿಯಲು, ಎರಡು ತೆಂಗಿನ ಸಸಿಗೆ. ಒಂದು ದಿನ ತಪ್ಪಿದರೂ ಇಡೀ ಶಾಲೆ ನನ್ನನ್ನೇ ಬೈಯುತ್ತಿತ್ತು.

ಮಗಳ ಶಾಲೆಯಲ್ಲಿ ಇದು ತಿರುಗಾಮುರುಗ. ಓಟು ಗುಟ್ಟಿನದು, ಎಣಿಕೆ ಎಲ್ಲರ ಎದುರಿಗೆ, ಸೋತವರು ಗೆದ್ದವರ ಕೈ ಕುಲುಕಬೇಕು. ಗೆದ್ದ ಮೇಲೆ ಮಾತ್ರ ಏನೂ ಇಲ್ಲ. ಕೌನ್ಸಿಲ್ ಮೂರು ಸಲ ಸೇರಿತು, ಬಿಸ್ಕೆಟ್ ತಿಂದಿತು. ಸ್ಕಿಪ್ಪಿಂಗ್ ಹಗ್ಗ ಇವತ್ತಿಗೂ ಬಂದಿಲ್ಲ.

ಆದರೂ ಒಂದನ್ನು ಒಪ್ಪಲೇಬೇಕು. ಅಲ್ಲಿ ಮಕ್ಕಳಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದಾರೆ: 'ನಿನ್ನ ಮಾತು ನಾನು ಒಪ್ಪಲ್ಲ, ಯಾಕಂದ್ರೆ...' ಆ 'ಯಾಕಂದ್ರೆ' ಬರಲೇಬೇಕು, ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಮನೆಯಲ್ಲಿ ಉಪ್ಪಿಟ್ಟಿನ ಮುಂದೆ ಕೂತು ಅದನ್ನೇ ಶುರು ಮಾಡಿದಾಗ ನನ್ನ ಬಾಯಿಗೆ ಬಂದದ್ದು ನಮ್ಮಪ್ಪನ ಮಾತು, "ದೊಡ್ಡವರಿಗೆ ಎದುರು ಮಾತಾಡಬೇಡ." ಅರ್ಧಕ್ಕೇ ನುಂಗಿಕೊಂಡೆ. ಉಪ್ಪಿಟ್ಟು ತಿನ್ನಿಸಿದೆ, ಅದು ಬೇರೆ ವಿಷಯ.

2024ರ ಜುಲೈ 4ರಂದು ಇಲ್ಲಿ ಚುನಾವಣೆಯಾದಾಗ ಅವಳ ಶಾಲೆಯೇ ಮತಗಟ್ಟೆ. ಕಾಮನ್‌ವೆಲ್ತ್ ದೇಶದವರು ಇಲ್ಲಿ ನೆಲೆಸಿದ್ದರೆ ಓಟು ಹಾಕಬಹುದು. ಭಾರತದ ಪಾಸ್‌ಪೋರ್ಟ್ ತೋರಿಸಿ, ದಾರ ಕಟ್ಟಿದ ಪೆನ್ಸಿಲಿನಲ್ಲಿ ಕ್ರಾಸ್ ಹಾಕಿ ಬಂದೆ. ಅರಸೀಕೆರೆಯಲ್ಲಿ ಹಾಕಬೇಕಾದರೆ ವಿಮಾನ ಹತ್ತಿಯೇ ಹೋಗಬೇಕು. ಹೊರಗೆ ಬಂದಾಗ ಮಗಳು ನನ್ನ ಬೆರಳು ಹಿಡಿದು ತಿರುಗಿಸಿ ನೋಡಿದಳು. ಏಪ್ರಿಲ್‌ನಲ್ಲಿ ಅಜ್ಜಿ ಫೋನಿನಲ್ಲಿ ತೋರಿಸಿದ್ದ ಮೈಸೂರಿನ ಶಾಯಿ ಅಲ್ಲಿರಲಿಲ್ಲ.

ಬಿಂದಿಗೆ ಕತೆಯನ್ನು ಅವಳಿಗೆ ಮೊನ್ನೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು, "ನೀನು ಬೇಡ ಅನ್ನಬಹುದಿತ್ತಾ?"

"ಇಲ್ಲ."

"ಮತ್ತೆ ಹೆಣ್ಣುಮಕ್ಕಳು ಯಾವ ಮಂತ್ರಿ?"

ಕಸ ಗುಡಿಸುವ ಖಾತೆ ಪ್ರತಿ ವರ್ಷ ಅವರಿಗೇ ಹೋಗುತ್ತಿತ್ತು ಎಂದು ಹೇಳಬೇಕಾಯಿತು.